ಬೆಳ್ಳಿಯ ಗುಂಡಗಡಿಗೆ

ಕಟ್ಟಿಕೊಂಡ ಗಂಡನ ಬಗ್ಗೆ ನಾಲ್ಕು ಜನರೆದುರು ಆಡಬಾರದು ಅಂತ ನಮ್ಮವ್ವ ಬುದ್ಧಿ ಹೇಳಿ ಕಳಿಸಿದ್ದಳು. ಇಷ್ಟು ವರ್ಷ ಆ ಮಾತನ್ನು ಉಳಿಸಿಕೊಂಡು ಬಂದೆ. ಈಗ ಆಡುತ್ತಿದ್ದೇನೆ, ಯಾಕೆಂದರೆ ಅವರೇ ಹೇಳಿದ್ದಾರೆ: "ಕೇಳಿದೋರಿಗೆಲ್ಲಾ ಹೇಳು ಶಕುಂತ್ಲಾ, ಏನೂ ಮುಚ್ಚಿಡಬ್ಯಾಡ." ಹೊಗಳಿಕೆಯ ಮಾತಾಗಿದ್ದರೆ ಅವರೇ ಮೈಕ್ ಹಿಡಿದು ಹೇಳುತ್ತಿದ್ದರು. ಇದು ಅಂಥದ್ದಲ್ಲ, ಅದಕ್ಕೇ ನನ್ನ ತಲೆಗೆ ಕಟ್ಟಿದ್ದಾರೆ. ಇರಲಿ.

ನಮ್ಮವರ ಹೆಸರು ವಾಮದೇವಪ್ಪ. ದಾವಣಗೆರೆಯಲ್ಲಿ ಪೈಪು, ಪಂಪ್‌ಸೆಟ್ಟಿನ ಅಂಗಡಿ ನಮ್ಮದು. ಮಲೆಬೆನ್ನೂರು ಕಡೆಯ ಭತ್ತದ ರೈತರೆಲ್ಲ ಮೊದಲಿನಿಂದಲೂ ನಮ್ಮಲ್ಲಿಗೇ ಬರುತ್ತಾರೆ. ಈಗ ಅಂಗಡಿಯನ್ನು ಮಗ ಕೊಟ್ಟೂರೇಶ ನೋಡಿಕೊಳ್ಳುತ್ತಾನೆ. ಅಂಗಡಿ ಬಿಟ್ಟ ಮೇಲೆ ಇವರು ಧರ್ಮ ಹಿಡಿದರು. ಹಿಡಿಯಲಿ, ಒಳ್ಳೆಯದೇ. ವಯಸ್ಸಾದ ಗಂಡಸು ಕಟ್ಟೆಯ ಮೇಲೆ ಕೂತು ಇಸ್ಪೀಟು ಆಡುವುದಕ್ಕಿಂತ ಮಠಕ್ಕೆ ಹೋಗಿ ಬರುವುದು ಚೆಂದ. ಆದರೆ ಇವರು ಹಿಡಿದ ಧರ್ಮ ಕೈಯಲ್ಲಿ ಬೆತ್ತ ಹಿಡಿದ ಹಾಗಿತ್ತು. ಎದುರಿಗೆ ಬಂದವರಿಗೆಲ್ಲ ಒಂದೊಂದು ಏಟು.

ನಮ್ಮಲ್ಲಿ ಮಗು ಹುಟ್ಟಿದ ಕೆಲವೇ ದಿನಕ್ಕೆ ಗುರುಗಳು ಬಂದು ಇಷ್ಟಲಿಂಗ ಕಟ್ಟುತ್ತಾರೆ. ಅಂಗೈಯಲ್ಲಿ ಹಿಡಿಸುವ ಸಣ್ಣ ಕಪ್ಪು ಲಿಂಗ. ಅದು ಸಾಯುವ ತನಕ ಮೈಮೇಲಿರಬೇಕು. ದಿನಾ ಮಿಂದು, ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ, ಆಮೇಲೆ ಊಟ. ಒಂದು ವೇಳೆ ಕಳೆದುಹೋದರೆ ಗುರುಗಳಿಂದ ಮತ್ತೊಂದು ಪಡೆಯುವವರೆಗೆ ಹನಿ ನೀರೂ ಮುಟ್ಟಬಾರದು ಅನ್ನುವುದು ಹಿರಿಯರ ಕಟ್ಟುನಿಟ್ಟು. ಈಗಿನ ಕಾಲದಲ್ಲಿ ಎಷ್ಟು ಜನ ಪಾಲಿಸುತ್ತಾರೋ ಶಿವನಿಗೇ ಗೊತ್ತು. ನಮ್ಮ ಮಾವನವರು ಪಾಲಿಸುತ್ತಿದ್ದರು, ಆದರೆ ಅವರ ಲಿಂಗ ಬಿಳಿ ಬಟ್ಟೆಯಲ್ಲಿ ಸುತ್ತಿ ಅಂಗಿಯ ಒಳಗಿರುತ್ತಿತ್ತು. ಅದನ್ನು ನಾನು ಕಣ್ಣಾರೆ ನೋಡಿದ್ದು ಅವರು ತೀರಿಕೊಂಡ ದಿನ ಮಾತ್ರ.

ಮಗನಾದವರು ಹಾಗಲ್ಲ. ಅರವತ್ತು ತುಂಬಿದಾಗ ಬೆಳ್ಳಿಯ ಗುಂಡಗಡಿಗೆ ಮಾಡಿಸಿಕೊಂಡರು. ಲಿಂಗ ಇಡುವ ಕರಡಿಗೆಗೇ ಹಾಗನ್ನುತ್ತಾರೆ, ದುಂಡಗೆ, ದೊಡ್ಡ ನಿಂಬೆಹಣ್ಣಿನಷ್ಟಿತ್ತು. ಅದನ್ನು ಅಂಗಿಯ ಮೇಲೆ, ಎದೆಯ ನಟ್ಟನಡುವೆ ತೂಗಿಬಿಡುತ್ತಿದ್ದರು. ಮದುವೆ ಮನೆಗೆ ಹೋದರೆ ಮೊದಲ ಕೆಲಸ ಮಂದಿಯ ಕೊರಳು ನೋಡುವುದು. "ಎಲ್ಲೋ ತಮ್ಮಾ ನಿನ್ನ ಲಿಂಗ? ತೋರ್ಸು." ಹುಡುಗರು ಇವರಿಗೆ ಚೆಕಿಂಗ್ ಇನ್ಸ್‌ಪೆಕ್ಟ್ರು ಅಂತ ಹೆಸರಿಟ್ಟಿದ್ದರು. ಬಸ್ಸಿಗೆ ಟಿಕೆಟ್ ಚೆಕಿಂಗ್‌ನವರು ಹತ್ತಿದರೆ ಜನ ಜೇಬು ತಡಕಿಕೊಳ್ಳುವುದಿಲ್ಲವೇ, ಹಾಗೆ ಇವರನ್ನು ಕಂಡರೆ ಎಲ್ಲರೂ ಕೊರಳು ಮುಟ್ಟಿಕೊಳ್ಳುತ್ತಿದ್ದರು. ಅದನ್ನು ಇವರು ಭಕ್ತಿ ಅಂದುಕೊಂಡಿದ್ದರು.

ತಮಾಷೆಯೆಂದರೆ, ಮಠದ ಶಿವಾನುಭವ ಗೋಷ್ಠಿಯಲ್ಲಿ ಇವರ ಮೆಚ್ಚಿನ ವಿಷಯ 'ವಿನಯ'. ವಿನಯದ ಬಗ್ಗೆ ಒಂದು ಗಂಟೆ ನೀರು ಕುಡಿಯದೆ ಮಾತಾಡುತ್ತಿದ್ದರು. ಮನೆಗೆ ಬಂದು, "ಹೆಂಗಿತ್ತು? ಇಷ್ಟು ಚೊಲೋ ಯಾರಾದ್ರೂ ಮಾತಾಡ್ತಾರಾ ದಾವಣಗೇರ್ಯಾಗೆ?" ಅಂತ ಕೇಳುತ್ತಿದ್ದರು. ನಾನು ಅಡುಗೆಮನೆಗೆ ಹೋಗಿ ಒಬ್ಬಳೇ ನಗುತ್ತಿದ್ದೆ.

ಹೋದ ವರ್ಷದ ವಿಷಯಕ್ಕೆ ಮಾತ್ರ ನಗು ಬರಲಿಲ್ಲ. ಇವರ ತಂಗಿ ಕಸ್ತೂರಮ್ಮ ಹರಿಹರದಲ್ಲಿದ್ದಾಳೆ. ಅವಳ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಕಸ್ತೂರಿಯ ಮೊಮ್ಮಗಳು ರಶ್ಮಿತಾ, ಗುತ್ತೂರು ಕಡೆಯ ಒಂದು ಫ್ಯಾಕ್ಟರಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ಆಗಷ್ಟೇ ಅಪೆಂಡಿಕ್ಸ್ ಆಪರೇಶನ್ ಮಾಡಿಸಿಕೊಂಡು ಎದ್ದಿದ್ದಳು. ಆಪರೇಶನ್ನಿಗೆ ಮುಂಚೆ ಕೊರಳಿನಿಂದ ತೆಗೆದ ಲಿಂಗ ಮನೆಯವರ ಓಡಾಟದ ಗಡಿಬಿಡಿಯಲ್ಲಿ ಎಲ್ಲೋ ಕಳೆದುಹೋಗಿತ್ತು. ಅವರ ಗುರುಗಳು ಊರಲ್ಲಿರಲಿಲ್ಲ, ಬಂದ ಮೇಲೆ ಬೇರೆ ಲಿಂಗ ಕೊಡುವವರಿದ್ದರು. ಹುಡುಗಿ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಳು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಬಿದ್ದಿತ್ತು. ಇವರು ಎಂದಿನ ಹಾಗೆ ಚೆಕಿಂಗಿಗೆ ಹೊರಟರು. ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಎದ್ದೇಳವ್ವ. ಲಿಂಗ ಇಲ್ದ ಮೈಗೆ ಈ ಪಂಕ್ತ್ಯಾಗೆ ಜಾಗ ಇಲ್ಲ," ಅಂದರು ಇವರು.

ಇಡೀ ಪಂಕ್ತಿ ಕೈ ತಡೆದು ಕೂತಿತು. ನನಗೆ ಪಿತ್ತ ನೆತ್ತಿಗೇರಿತು. "ಏನ್ರೀ, ಹುಷಾರಿಲ್ಲದ ಕೂಸು ಅದು, ಬಿಡ್ರಿ ಅತ್ಲಾಗೆ!" ಅಂದೆ. "ನೀ ಸುಮ್ನಿರು, ನಿನಗೇನು ತಿಳೀತೈತೆ," ಅಂದರು. ರಶ್ಮಿತಾ ಎದ್ದಳು. ಅಳಲಿಲ್ಲ, ಎಲೆ ಮಡಿಚಿದಳು, ಒಳಗೆ ಹೋದಳು. ಕಸ್ತೂರಿ ಮಾತ್ರ ಸೌಟು ಕೆಳಗಿಟ್ಟು, "ಅಣ್ಣಾ, ನಮ್ಮ ಮನಿ ಅನ್ನ ನಮ್ಮ ಹುಡುಗಿಗೆ ಇಲ್ಲ ಅನ್ನಾಕೆ ನೀನ್ಯಾರು?" ಅಂತ ಕೇಳಿದಳು. ಇವರು ಚಪ್ಪಲಿ ಮೆಟ್ಟಿದರು. ಅಲ್ಲಿಂದೀಚೆಗೆ ಎರಡೂ ಮನೆಗೆ ಹೋಗಿ ಬರುವುದು ನಿಂತಿತು. ದಾವಣಗೆರೆಗೂ ಹರಿಹರಕ್ಕೂ ಎಷ್ಟು ದೂರ, ಕೂತು ಎದ್ದರೆ ಬಂತು. ಆದರೂ ವರ್ಷವಿಡೀ ನನ್ನ ನಾದಿನಿಯ ಮುಖ ನಾನು ನೋಡಲಿಲ್ಲ.

ಈ ಶ್ರಾವಣಕ್ಕೆ ಮಠದಲ್ಲಿ ತಿಂಗಳ ಪ್ರವಚನ ಇಟ್ಟುಕೊಂಡರು. ಕೊನೆಯ ಸೋಮವಾರ ಸಾಮೂಹಿಕ ಇಷ್ಟಲಿಂಗ ಪೂಜೆ. ಸಮಿತಿಯ ಕಾರ್ಯದರ್ಶಿ ಬಸವಪ್ರಭು ಮನೆಗೇ ಬಂದು, "ಸಾವ್ಕಾರ್ರೆ, ಸ್ಟೇಜ್ ಮ್ಯಾಲೆ ನೀವೇ ಕೂಡ್ರಬೇಕು. ನೀವು ಲಿಂಗ ಹಿಡಿದು ತೋರಿಸ್ರಿ, ಜನ ನಿಮ್ಮನ್ನ ನೋಡಿ ಮಾಡ್ತಾರೆ," ಅಂದ. ಇವರ ಮುಖ ನೋಡಬೇಕಿತ್ತು. ಎರಡೇ ದಿನಕ್ಕೆ ಸರ್ಕಲ್‌ನಲ್ಲಿ ಫ್ಲೆಕ್ಸ್ ಎದ್ದಿತು. ಸ್ವಾಮಿಗಳ ಫೋಟೊ ಮೇಲೆ, ಅದರ ಕೆಳಗೆ ಇವರದು, ಎದೆಯ ಮೇಲೆ ಗುಂಡಗಡಿಗೆ. ಹಾಲು ತರುವ ನೆಪದಲ್ಲಿ ದಿನಾ ಆ ಸರ್ಕಲ್ ಸುತ್ತಿ ಬರುತ್ತಿದ್ದರು. ನಮ್ಮ ಹಾಲಿನ ಅಂಗಡಿ ಇರುವುದು ಅದರ ಉಲ್ಟಾ ದಿಕ್ಕಿಗೆ.

ಬೆವರಿಗೆ ಬೆಳ್ಳಿ ಕಪ್ಪಾಗಿದೆ, ಸ್ಟೇಜಿನ ಲೈಟಿಗೆ ಹೊಳೆಯಬೇಕು ಅಂತ ಒಂದು ಸಂಜೆ ಗುಂಡಗಡಿಗೆಯನ್ನು ಪಾಲಿಶ್ ಮಾಡಿಸಲು ಚೌಕಿಪೇಟೆಗೆ ಹೋದರು. ಅಕ್ಕಸಾಲಿಗನ ಕೈಗೆ ಲಿಂಗ ಕೊಡಲಾಗುವುದಿಲ್ಲವಲ್ಲ. ಅದನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಬೀದಿಯಲ್ಲಿ ಪರಿಚಯದವರು ಸಿಕ್ಕರು, ಫ್ಲೆಕ್ಸ್ ನೋಡಿದೆವು ಅಂದರು. ಖುಷಿಗೋ ಸೆಕೆಗೋ ಇವರಿಗೆ ಬೆವರು ಬಂತು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು.

ಅಷ್ಟೇ ಆದದ್ದು. ಕರಡಿಗೆ ಫಳಫಳ ಹೊಳೆಯಿತು, ಅದರೊಳಗೆ ಇರಬೇಕಾದವನು ಬೀದಿಯ ಪಾಲಾದ.

ಇದು ನನಗೆ ಗೊತ್ತಾದದ್ದು ಮಾರನೆಯ ದಿನ. ಆ ಸಂಜೆ ಇವರು ಮನೆಗೆ ಬಂದು, "ನೋಡು, ಹೆಂಗೈತೆ," ಅಂತ ಗುಂಡಗಡಿಗೆ ಮುಂದೆ ಹಿಡಿದರು. "ಮುಖ ಕಾಣ್ತೈತೆ ನೋಡ್ರಿ, ತಲೆ ಬಾಚ್ಕೋಬೋದು," ಅಂದೆ. ನಗುತ್ತಲೇ ದೇವರ ಕೋಣೆಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದವರೇ, "ಚೌಕಿಪೇಟೆಗೆ ಹೋಗಿ ಬರ್ತೀನಿ, ಕನ್ನಡಕ ಮರ್ತೆ," ಅಂದರು. ಕನ್ನಡಕ ಮೂಗಿನ ಮೇಲೇ ಇತ್ತು. ನಾನು ಏನೋ ಧ್ಯಾಸವಿಲ್ಲ ಅಂದುಕೊಂಡೆ. ತಿರುಗಿ ಬಂದು, ಹೊಟ್ಟೆ ಸರಿಯಿಲ್ಲ ಅಂತ ಊಟ ಮಾಡದೆ ಮಲಗಿದರು.

ಬೆಳಿಗ್ಗೆ ದೇವರ ಕೋಣೆಯ ಬಾಗಿಲು ಹಾಕಿತ್ತು. ನಮ್ಮ ಮನೆಯಲ್ಲಿ ಪೂಜೆಯ ಹೊತ್ತಿಗೆ ಬಾಗಿಲು ಹಾಕಿದ್ದೇ ಇಲ್ಲ. ಇವರ ಮಂತ್ರ ಅಕ್ಕಪಕ್ಕದ ಮನೆಗೆಲ್ಲ ಕೇಳಬೇಕು, ಕೇಳುವಂತೆಯೇ ಹೇಳುತ್ತಿದ್ದರು. ಅವತ್ತು ಪಿಟ್ಟೆಂದರೆ ಪಿಟ್ಟಿಲ್ಲ. ಹೊರಗೆ ಬಂದು, "ಇವತ್ತು ನಂದು ನಿರಾಹಾರ. ನೀರೂ ಇಲ್ಲ," ಅಂದರು. ಇವರಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಬೇಕು, ಹೊತ್ತಿಗೆ ಸರಿಯಾಗಿ ತಿನ್ನಬೇಕು, ಉಪವಾಸದ ಹುಚ್ಚು ಬೇಡವೇ ಬೇಡ ಅಂತ ಡಾಕ್ಟರು ಬೈದು ಕಳಿಸಿದ್ದರು. ಬೇಡಿಕೊಂಡೆ, ಜಗಳ ಮಾಡಿದೆ, ಮಾತ್ರೆ ಮುಂದಿಟ್ಟೆ. "ತಲೆ ತಿನ್ನಬ್ಯಾಡ," ಅಂತ ಮತ್ತೆ ಹೊರಗೆ ಹೋದರು.

ಮಧ್ಯಾಹ್ನ ಬಂದಾಗ ತುಟಿ ಒಣಗಿ ಬಿರಿದಿತ್ತು. ಸೀದಾ ದೇವರ ಕೋಣೆಗೆ ಹೋಗಿ ಕೂತರು. ನಾನು ಬಾಗಿಲು ತಳ್ಳಿದೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ವಿಭೂತಿ ಹಚ್ಚಿಲ್ಲ, ಪತ್ರೆ ಏರಿಸಿಲ್ಲ, ನೀರು ಎರೆದಿಲ್ಲ. ಬೆಳಗಿನ ಬಿಲ್ವಪತ್ರೆ ತಟ್ಟೆಯಲ್ಲೇ ಬಾಡಿತ್ತು.

"ಶಕುಂತ್ಲಾ," ಅಂದರು, ಯಾವತ್ತೂ ಕೇಳದ ಸಣ್ಣ ದನಿಯಲ್ಲಿ. "ಇದು ಅಂಗಡೀದು."

ನನಗೆ ಅರ್ಥವಾಗಲಿಲ್ಲ. ಆಗ ಎಲ್ಲ ಹೇಳಿದರು. ಕರ್ಚೀಫು, ಬೆವರು, ಬೀದಿ. ರಾತ್ರಿಯೂ ಬೆಳಿಗ್ಗೆಯೂ ಹೋಗಿ ಚರಂಡಿಯ ಅಂಚು, ಅಂಗಡಿಗಳ ಮೆಟ್ಟಿಲು ಎಲ್ಲ ಹುಡುಕಿದರಂತೆ. ಏನು ಹುಡುಕುತ್ತೀರಿ ಅಂತ ಕೇಳಿದವರಿಗೆ ಬೀಗದ ಕೈ ಅಂದರಂತೆ. ಸಿಗಲಿಲ್ಲ. ಕೊನೆಗೆ ಪೂಜೆ ಸಾಮಾನಿನ ಅಂಗಡಿಗೆ ಹೋಗಿ ಅಂಥದ್ದೇ ಒಂದನ್ನು ಕೊಂಡು ತಂದಿದ್ದಾರೆ. ಯಾರಿಗೆ ಗೊತ್ತಾಗಬೇಕು? ಗುಂಡಗಡಿಗೆಯಲ್ಲಿಟ್ಟರೆ ಮುಗಿಯಿತು.

"ಕೈಯಾಗಿಟ್ಕೊಂಡೆ. ಕಣ್ಣು ಮುಚ್ಚಿದೆ. ಏನೂ ಆಗ್ಲಿಲ್ಲ ಶಕುಂತ್ಲಾ. ಗುರು ಮುಟ್ಟಿಲ್ಲ, ಮಂತ್ರ ಬಿದ್ದಿಲ್ಲ. ಬರೇ ಕಲ್ಲು. ಶಿವನ ಕಣ್ಣಿಗೆ ಹೆಂಗೆ ಮಣ್ಣೆರಚಲಿ?"

"ಹಂಗಾದ್ರೆ ಏಳ್ರಿ, ಮಠಕ್ಕೆ ಹೋಗಿ ಇನ್ನೊಂದು ಕಟ್ಟಿಸ್ಕೊಂಡು ಬರ್ರಿ. ಇದಕ್ಯಾಕ ಹಿಂಗೆ ಒಣಗೋದು?"

"ಬಸವಪ್ರಭುಗೆ ಗೊತ್ತಾಗ್ತೈತೆ."

"ಆಗ್ಲಿ."

"ಊರಿಗೆಲ್ಲಾ ಗೊತ್ತಾಗ್ತೈತೆ. ಹರಿಹರಕ್ಕೆ ಗೊತ್ತಾಗ್ತೈತೆ. ಚೆಕಿಂಗ್ ಇನ್ಸ್‌ಪೆಕ್ಟ್ರು ಲಿಂಗ ಕಳಕೊಂಡ ಅಂತ..."

ಅಯ್ಯೋ, ಆ ಹೆಸರು ಇವರಿಗೂ ಗೊತ್ತಿತ್ತು!

"ಅದಕ್ಕಿಂತ ಹಿಂಗೇ ಹೋದ್ರೂ ಚೊಲೋ," ಅಂದರು. "ವ್ರತ ಮಾಡ್ತಾ ಮಾಡ್ತಾ ಲಿಂಗೈಕ್ಯ ಆದ್ರು ಅಂತಾರೆ ಜನ."

ನನಗೆ ಹೆದರಿಕೆಯಾಯಿತು. ಇವರು ಆಡಿದ್ದನ್ನು ಮಾಡುವ ಮನುಷ್ಯ. ಹಣೆ ಜಿಗಿ ಜಿಗಿ ಬೆವೆತಿತ್ತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ, ಹುಟ್ಟುಗುಣ.

"ನೀವೇನು ಶಿವನಿಗೋಸ್ಕರ ಉಪವಾಸ ಅದೀರಾ? ಫ್ಲೆಕ್ಸಿಗೋಸ್ಕರ ಉಪವಾಸ ಅದೀರಿ!" ಅಂದೆ. "ಸಾಯೋ ಹೊತ್ನಾಗೂ ಜನ ಏನಂತಾರೆ ಅಂತ ನೋಡ್ತೀರಲ್ಲ! ಅವನ ಮುಂದೆ ಹೋಗಿ ನಿಂತಾಗ ಏನು ತೋರಿಸ್ತೀರಿ, ಈ ಡಬ್ಬೀನಾ?"

ಇವರು ಅಂಗಡಿಯ ಲಿಂಗವನ್ನು ತಟ್ಟೆಯಲ್ಲಿಟ್ಟು ಸಿಟ್ಟಿನಿಂದ ಎದ್ದರು. ಎರಡು ಹೆಜ್ಜೆ ಹಾಕಿರಬಹುದು, ಹೊಸ್ತಿಲ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದರು. ನಾನು ಹಿಡಿದುಕೊಂಡದ್ದಕ್ಕೆ ತಲೆಗೆ ಪೆಟ್ಟಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೊಟ್ಟೂರೇಶನಿಗೆ ಫೋನು ಮಾಡಿದೆ. ಸಕ್ಕರೆ ನೀರು ತುಟಿಗೆ ಹಿಡಿದರೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಶಿವನೇ, ಈ ಮೊಂಡನನ್ನು ಉಳಿಸಿಕೊಡಪ್ಪಾ, ಬುದ್ಧಿ ಆಮೇಲೆ ಕೊಡುವಿಯಂತೆ ಅಂತ ನಾನು ಬೇಡಿಕೊಂಡೆ. ಅವನು ಎರಡನ್ನೂ ಒಟ್ಟಿಗೇ ಕೊಟ್ಟ.

ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟರು. ಮೇಲೆ ನೋಡುತ್ತಾ ಮಾತಾಡಿದರು. "ನಂಗೆ ಲಿಂಗ ಕಟ್ಟಿದಾಗ ನಾನು ಅವ್ವನ ತೊಡೆ ಮ್ಯಾಲೆ ನಿದ್ದೆ ಮಾಡ್ತಿದ್ನಂತೆ. ಕೇಳಿ ಇಸ್ಕೊಂಡಿದ್ದಲ್ಲ ಅದು. ತಾನಾಗೇ ಬಂದಿದ್ದು. ನಾನು ನೋಡಿದ್ರೆ, ಶಿವನನ್ನ ನಾನೇ ಸಾಕ್ತಾ ಇದೀನಿ ಅನ್ನೋ ಹಂಗೆ ಮೆರೆದೆ." ಕಣ್ಣಿಂದ ನೀರು ಇಳಿದು ನನ್ನ ಸೀರೆ ನೆನೆಯಿತು. ಇವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. "ಆ ಹುಡುಗಿ ಎದ್ದು ಹೋದ್ಲಲ್ಲ ಶಕುಂತ್ಲಾ. ನಿನ್ನೆಯಿಂದ ಅದೇ ಕಣ್ಣಿಗೆ ಕಟ್ಟೈತೆ. ಎಲೆ ಮಡಚಿದ್ಲು."

ಕೊಟ್ಟೂರೇಶ ಓಡಿ ಬಂದು ಆಸ್ಪತ್ರೆಗೆ ಹೋಗೋಣ ಅಂದ. "ಹರಿಹರಕ್ಕೆ ನಡಿ," ಅಂದರು ಇವರು.

"ಯಾಕ್ ಅಪ್ಪಾಜಿ? ಅಲ್ಲೆಲ್ಲಿಗೆ?"

"ಕಸ್ತೂರಿ ಮನಿಗೆ. ಆಮ್ಯಾಲೆ ಎಲ್ಲಿಗೆ ಕರಕೊಂಡ್ ಹೋಗ್ತಿಯೋ ಹೋಗು."

ಕಾರಿನಲ್ಲಿ ಇವರು ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟು ಮಲಗಿದ್ದರು. ಸರ್ಕಲ್ ದಾಟುವಾಗ ಫ್ಲೆಕ್ಸ್ ಕಂಡಿತು, ನಾನು ಬೇಕೆಂದೇ ಆ ಕಡೆ ನೋಡಲಿಲ್ಲ. ದಾರಿಯುದ್ದಕ್ಕೂ ಕೊಟ್ಟೂರೇಶ ಕನ್ನಡಿಯಲ್ಲಿ ಅಪ್ಪನನ್ನು ನೋಡುತ್ತಲೇ ಇದ್ದ.

ಕಸ್ತೂರಿ ಬಾಗಿಲು ತೆರೆದಳು. ಅಣ್ಣನನ್ನು ಕಂಡು ಚಿಲಕದ ಮೇಲಿನ ಕೈ ತೆಗೆಯಲಿಲ್ಲ. ಆಮೇಲೆ ಅವರ ಮುಖದ ಬಣ್ಣ ನೋಡಿ, "ಬರ್ರಿ, ಒಳಗೆ ಬರ್ರಿ. ಏನಾತು ಅತ್ತಿಗೆ? ಕೂಡ್ರಿಸ್ರಿ ಅಣ್ಣನ್ನ," ಅಂದಳು. ಇವರು ಕೂಡಲಿಲ್ಲ. ಮಗನ ತೋಳು ಹಿಡಿದು ಪಡಸಾಲೆಯ ಮಧ್ಯೆ ನಿಂತು, "ರಶ್ಮಿತಾನ ಕರಿ," ಅಂದರು. ಶಿಫ್ಟ್ ಮುಗಿಸಿ ಆಗ ತಾನೇ ಬಂದಿದ್ದ ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಮುಂದೆ ಬರಲಿಲ್ಲ.

ಇವರು ಗುಂಡಗಡಿಗೆಯನ್ನು ಬಿಚ್ಚಿ ಅವಳೆದುರಿಗೆ ಬೋರಲು ಹಿಡಿದರು. ಏನೂ ಬೀಳಲಿಲ್ಲ.

"ಕಳಕೊಂಡೀನವ್ವಾ," ಅಂದರು. "ಪಾಲಿಶ್ ಮಾಡ್ಸಾಕೆ ಹೋಗಿ ಬೀದ್ಯಾಗೆ ಬೀಳಿಸ್ಕೊಂಡೆ. ಅವತ್ತು ನಿನ್ನ ಎಬ್ಬಿಸಿದ್ದು ಶಿವ ಅಲ್ಲ. ನಾನು. ಅವನ ಹೆಸರು ಹೇಳಿ ನಾನು ಎಬ್ಬಿಸಿದೆ. ತಪ್ಪಾತು ನಂದು." ಕೈ ಮುಗಿಯಲು ಹೋದರು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಅದರ ಮುಚ್ಚಳ. ಎರಡೂ ಕೆಳಗೆ ಬಿದ್ದು ಟಣ್ಣೆಂದು ಉರುಳಿದವು. ಯಾರೂ ಎತ್ತಿಕೊಳ್ಳಲಿಲ್ಲ.

ಹುಡುಗಿ ಓಡಿ ಬಂದು ತಬ್ಬಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಇಲ್ಲ. "ಅವತ್ತು ನಂಗೆ ಹಸಿವಾಗಿತ್ತು ಅಜ್ಜಾ," ಅಂದಳು. "ಆಪರೇಶನ್ ಆದ ಮ್ಯಾಲೆ ಬರೇ ಗಂಜಿ ಕುಡಿದಿದ್ದೆ. ಅವತ್ತೇ ಮೊದಲ್ನೇ ಸಲ, ಏನು ಬೇಕಾದ್ರೂ ತಿನ್ನು ಅಂದಿದ್ರು ಡಾಕ್ಟ್ರು. ಬೆಳಗಿಂದ ಹೋಳಿಗೆ ವಾಸ್ನೆ ಕುಡಕೊಂಡು ಕಾಯ್ತಿದ್ದೆ."

ಇವರು ತಲೆ ತಗ್ಗಿಸಿ ನಿಂತೇ ಇದ್ದರು. ಅವಳು ಸರಕ್ಕನೆ ತಿರುಗಿ ಒಳಗೆ ಹೋದಳು. ಹೋಯಿತು, ಇನ್ನು ಬರುವುದಿಲ್ಲ ಅಂದುಕೊಂಡೆ. ಬರುವುದಿಲ್ಲ ಅಂದರೆ ಅವಳದು ತಪ್ಪು ಅನ್ನುವ ಬಾಯಿ ನಮಗೆ ಯಾರಿಗೂ ಇರಲಿಲ್ಲ.

ಬಂದಳು. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಬೆಲ್ಲದ ಹೆಂಟೆ.

"ತೊಗೋರಿ."

"ಬ್ಯಾಡವ್ವಾ. ಲಿಂಗ ಇಲ್ಲ ನನ್ನ ಮೈ ಮ್ಯಾಲೆ."

"ಗೊತ್ತೈತೆ. ನನ್ನ ಮೈ ಮ್ಯಾಲೂ ಇಲ್ಲದಾಗ್ಲೇ ನಂಗೆ ಹಸಿವಾಗಿದ್ದು." ಬೆಲ್ಲವನ್ನು ಅವರ ಬಾಯಿಗೇ ಹಿಡಿದಳು. "ಈ ಮನ್ಯಾಗೆ ಯಾರೂ ನಿಮ್ಮನ್ನ ಎಬ್ಬಿಸಂಗಿಲ್ಲ ಅಜ್ಜಾ. ಕೂಡ್ರಿ."

ಇವರು ಬಾಯಿ ತೆರೆದರು. ಅಲ್ಲೇ ನೆಲದ ಮೇಲೆ ಕೂತು, ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು, ಎಳೆಮಕ್ಕಳು ಕುಡಿಯುವ ಹಾಗೆ ಗಟಗಟನೆ ಕುಡಿದರು. ಅಂಗಿಯೆಲ್ಲ ನೀರಾಯಿತು. ಕಸ್ತೂರಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು, ಬರುವಾಗ ರೊಟ್ಟಿ, ಹೆಸರುಕಾಳು ಪಲ್ಯ, ಮಜ್ಜಿಗೆ ತಂದಳು. ರಶ್ಮಿತಾ ತನ್ನ ತಟ್ಟೆಯನ್ನೂ ತಂದು ಇವರ ಪಕ್ಕದಲ್ಲೇ ಹಾಕಿಕೊಂಡು ಕೂತಳು. ನಾನೂ ಕೂತೆ. ಒಂದಾದ ಮೇಲೊಂದು ರೊಟ್ಟಿ ಮುರಿಯುತ್ತಿದ್ದ ನನ್ನನ್ನು ಕಸ್ತೂರಿ ಸಂಶಯದಿಂದ ನೋಡಿದಳು.

"ಅತ್ತಿಗೆ, ನೀನ್ಯಾವಾಗಿಂದ ಉಂಡಿಲ್ಲ?"

"ಇವರು ಬಿಟ್ಟಾಗಿಂದ," ಅಂದೆ. ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇವರು ತುತ್ತು ಕೈಯಲ್ಲೇ ಹಿಡಿದು ನನ್ನ ಕಡೆ ನೋಡಿದರು. ತಮ್ಮ ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿ ನನ್ನ ತಟ್ಟೆಗೆ ಹಾಕಿದರು. ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಸೀರೆ ಕೊಡಿಸಿದ್ದಾರೆ, ಬಂಗಾರ ಮಾಡಿಸಿದ್ದಾರೆ, ಆದರೆ ಆ ರೊಟ್ಟಿಯಷ್ಟು ರುಚಿ ಯಾವುದೂ ಇರಲಿಲ್ಲ.

ಡಾಕ್ಟರಿಗೆ ತೋರಿಸಿ, ಅವರ ಕೈಲಿ ಚೆನ್ನಾಗಿ ಬೈಸಿಕೊಂಡು, ಆ ರಾತ್ರಿ ಹರಿಹರದಲ್ಲೇ ಉಳಿದೆವು. ಬೆಳಿಗ್ಗೆ ಕಸ್ತೂರಿಯ ಮನೆಯ ಗುರುಗಳ ಹತ್ತಿರ ಹೋದೆವು. ಕಡರನಾಯಕನಹಳ್ಳಿ ಹತ್ತಿರ ಸಣ್ಣ ಮಠ, ವಯಸ್ಸಾದ ಅಜ್ಜಾರು. ನಾವು ಹೋದಾಗ ಅಂಗಳ ಗುಡಿಸುತ್ತಿದ್ದರು. "ಯಾಕ ಬಂದ್ಯಪ್ಪಾ?" ಅಂತ ಕೇಳಿದರು. ಒಂದು ಗಂಟೆ ಭಾಷಣ ಬಿಗಿಯುವ ನಮ್ಮವರು ಅವತ್ತು ಹೇಳಿದ್ದು ಇಷ್ಟೇ: "ಕಳಕೊಂಡೀನಿ ಬುದ್ಧೀ. ಕೊಡ್ರಿ."

ಅಜ್ಜಾರು ಯಾವಾಗ, ಎಲ್ಲಿ, ಹೇಗೆ ಅಂತ ಒಂದೂ ಕೇಳಲಿಲ್ಲ. ಮಿಂದು ಬರಲು ಹೇಳಿದರು. ಬರಿ ನೆಲದ ಮೇಲೆ ಕೂಡಿಸಿ, ಹಣೆಗೆ ವಿಭೂತಿ ಹಚ್ಚಿ, ಕಿವಿಯಲ್ಲಿ ಮಂತ್ರ ಹೇಳಿ, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಎಲ್ಲಿ ಬಿದ್ದೀತೋ ಅನ್ನುವ ಹಾಗೆ ಇವರು ಬಲಗೈಯನ್ನೂ ಅದರ ಕೆಳಗೆ ಹಿಡಿದರು. ನಾನು ಕಂಬದ ಹತ್ತಿರ ನಿಂತು ನೋಡುತ್ತಿದ್ದೆ. ಅಳು ತಡೆಯಲಾಗಲಿಲ್ಲ. ಹುಡುಗನಾಗಿದ್ದಾಗಿನ ಗಂಡನನ್ನು ಯಾವ ಹೆಂಡತಿಯೂ ನೋಡಿರುವುದಿಲ್ಲ, ನಾನು ಅವತ್ತು ನೋಡಿದೆ. ಅಜ್ಜಾರು ಬಿಳಿ ಬಟ್ಟೆಯಲ್ಲಿ ಲಿಂಗ ಸುತ್ತಿ ಕೊರಳಿಗೆ ಕಟ್ಟಿದರು. ಇವರು ಅದನ್ನು ಅಂಗಿಯ ಒಳಗೆ ಬಿಟ್ಟುಕೊಂಡರು. ಬೆಳ್ಳಿಯ ಗುಂಡಗಡಿಗೆಯನ್ನು ಅಜ್ಜಾರ ಮುಂದಿಟ್ಟರೆ, "ಇದನ್ನ ಮಾರಿ ಯಾರಿಗಾರ ಊಟಕ್ಕೆ ಹಾಕು ಹೋಗು," ಅಂದರು. ಹಾಗೆಯೇ ಮಾಡಿದೆವು. ಹೋಳಿಗೆ ಊಟ ಹಾಕಿಸಿದೆವು, ಹರಿಹರದಲ್ಲಿ. ಬಂದವರ ಕೊರಳನ್ನು ಯಾರೂ ನೋಡಲಿಲ್ಲ.

ಬಸವಪ್ರಭುವಿನ ಕಥೆ ಬೇರೆ. ಇವರು ಮನೆಗೇ ಹೋಗಿ ಎಲ್ಲ ಹೇಳಿದರೆ ಅವನು ಬಾಗಿಲು ಹಾಕಿ ಬಂದು, "ಸಾವ್ಕಾರ್ರೆ, ಮೆಲ್ಲಗೆ! ಈಗ ಹೊಸಾ ಲಿಂಗ ಬಂತಲ್ಲ, ಆತು ಬಿಡ್ರಿ. ಯಾರಿಗೂ ಹೇಳಬ್ಯಾಡ್ರಿ. ಫ್ಲೆಕ್ಸ್ ಎಲ್ಲಾ ಹಾಕ್ಸೀವಿ," ಅಂದನಂತೆ. "ಫ್ಲೆಕ್ಸ್ ಇಳಿಸ್ರಿ. ನಾನು ಕೆಳಗೆ ಕೂಡ್ರತೀನಿ," ಅಂದು ಬಂದರು. ಸೋಮವಾರ ಮಠದ ಅಂಗಳದ ಜಮಖಾನೆಯ ಮೇಲೆ, ಜನರ ನಡುವೆ ಕೂತೆವು. ಒಂದು ಕಡೆ ಕಸ್ತೂರಿ, ಇನ್ನೊಂದು ಕಡೆ ರಜೆ ಹಾಕಿ ಬಂದ ರಶ್ಮಿತಾ. ಎಲ್ಲರೂ ಅಂಗೈ ಮುಂದೆ ಚಾಚಿದಾಗ ಇವರ ಕೈ ಯಾವುದು, ಬೇರೆಯವರದು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಊರಿಗೆಲ್ಲ ವಿಷಯ ಗೊತ್ತಾಯಿತು. ಕೆಲವರು ಮುಸಿಮುಸಿ ನಕ್ಕರು. ನಗಲಿ, ನಮ್ಮ ಗಂಟೇನು ಹೋಯಿತು? ಗಂಡ ಬದುಕಿದ, ನಾದಿನಿ ಸಿಕ್ಕಳು, ಮನೆಯಲ್ಲಿ ಮಂತ್ರದ ದನಿ ತಗ್ಗಿತು. ಆ ಲಿಂಗ ಬಿದ್ದುಹೋದದ್ದಕ್ಕೆ ನಾನು ಶಿವನಿಗೆ ದಿನಾ ಕೈ ಮುಗಿಯುತ್ತೇನೆ. ತಾನು ಬೀದಿಗೆ ಬಿದ್ದು ನಮ್ಮ ಮನೆಯನ್ನು ಎತ್ತಿ ನಿಲ್ಲಿಸಿದ.

ಕಳೆದ ಲಿಂಗ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

ಮೊನ್ನೆ ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಇಬ್ಬರೂ ಚೌಕಿಪೇಟೆ ಕಡೆ ಹೋಗಿದ್ದೆವು. ಬೀದಿಯ ತುದಿಗೆ ಬರುತ್ತಿದ್ದ ಹಾಗೆ ಇವರು ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡರು. ಬರಿಗಾಲಲ್ಲಿ, ನೆಲ ನೋಡುತ್ತಾ, ಮೆಲ್ಲಗೆ ಹೆಜ್ಜೆ ಇಡುತ್ತಾ ಹೊರಟರು. ನನಗೆ ಸಿಟ್ಟು ನೆತ್ತಿಗೇರಿತು. ಸಕ್ಕರೆ ಕಾಯಿಲೆಯ ಕಾಲು, ಒಂದು ಗಾಜಿನ ಚೂರು ಹೊಕ್ಕರೆ ಮುಗಿಯಿತು.

ಮೂಲೆಯಲ್ಲಿ ಹೂವು ಮಾರುವ ಮಾಬೂಬೀ ನಕ್ಕಳು. "ಯಾವಾಗ್ಲೂ ಹಿಂಗೇ ಬರ್ತಾರೆ ಅಮ್ಮಾ. ಮೊದ್ಲು ಎದಿ ಉಬ್ಬಿಸ್ಕೊಂಡು ಬರ್ತಿದ್ರು, ನಮ್ ಕಡಿ ನೋಡ್ತಾನೇ ಇರ್ಲಿಲ್ಲ. ಈಗ ತಲಿ ಬಗ್ಗಿಸ್ಕೊಂಡೇ ಬರ್ತಾರೆ. ಸಾವ್ಕಾರ್ರು ನಮಗೇ ನಮಸ್ಕಾರ ಮಾಡ್ತಾರೇನೋ ಅಂತ ಬೀದಿ ಮಂದಿಯೆಲ್ಲಾ ತಿರುಗಿ ಸಲಾಂ ಹೊಡೀತೀವಿ."

ನಾನು ಬಿರಬಿರನೆ ಹೋಗಿ ಇವರ ತೋಳು ಹಿಡಿದೆ. "ತಲೆ ಕೆಟ್ಟೈತೇನ್ರೀ? ಇನ್ನೂ ಹುಡುಕ್ತಾ ಇದೀರಾ? ಹಾಕ್ಕೊಳ್ರಿ ಚಪ್ಪಲಿ!"

"ಹುಡುಕ್ತಾ ಇಲ್ಲ ಶಕುಂತ್ಲಾ," ಅಂದರು. "ಆದ್ರೆ ಇಲ್ಲೇ ಎಲ್ಲೋ ಅದಾನೆ ಅವನು. ಯಾರ ಅಂಗಡಿ ಮುಂದೆ ಅದಾನೋ, ಯಾವ ಧೂಳಿನಾಗೆ ಅದಾನೋ, ನಂಗೆ ಗೊತ್ತಿಲ್ಲ. ಮೆಟ್ಟು ಹಾಕ್ಕೊಂಡು ಹೆಂಗೆ ತುಳೀಲಿ ಹೇಳು."

ಬಾಯಿ ತುಂಬ ಬಂದಿದ್ದ ಬೈಗುಳ ನುಂಗಿಕೊಂಡೆ. ಎದುರಿಗೆ ಇಡೀ ಬೀದಿ ಇತ್ತು. ತಳ್ಳುಗಾಡಿ, ಸೈಕಲ್ಲು, ಮಂದಿ, ಮಂಡಕ್ಕಿ ಚೀಲ ಹೊತ್ತವರು, ಚೆಲ್ಲಿದ ಹೂವು, ಧೂಳು. ನಾನೂ ಬಗ್ಗಿ ಚಪ್ಪಲಿ ಕಳಚಿ ಕೈಚೀಲಕ್ಕೆ ಹಾಕಿಕೊಂಡೆ. ನೆಲ ಸುಡುತ್ತಿತ್ತು. ಇಬ್ಬರೂ ಕೈ ಹಿಡಿದುಕೊಂಡು ಮೆಲ್ಲಗೆ ನಡೆದೆವು.